ಎದ್ದು ನಿಲ್ಲಿಸುವವರಿಗೆ



ಸಕ್ರೆಬೈಲಿನ ಬಿಡಾರದಲ್ಲಿ ಆನೆಯೊಂದು ಮೇವು ಬಿಟ್ಟರೆ ಮಾವುತ ಸುಮ್ಮನಿರುವುದಿಲ್ಲ. ಬಾಯಿ ನೋಡ್ತಾನೆ, ಕಾಲು ನೋಡ್ತಾನೆ, ಡಾಕ್ಟರನ್ನು ಕರೀತಾನೆ. ಅಲ್ಲಿಂದ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಬಂದರೆ, ಹಾಸ್ಟೆಲಿನ ಹುಡುಗ ಮೂರು ದಿನ ಊಟಕ್ಕೆ ಬಾರದಿದ್ದರೂ "ಪರೀಕ್ಷೆ ಭಯ ಮಾರಾಯ, ಸರಿ ಹೋಗ್ತಾನೆ" ಅಂತೇವೆ. ಹಾಗೆ ಅಂದವರಲ್ಲಿ ನಾವೂ ಇದ್ದೇವೆ.

ಪರೀಕ್ಷೆ ಎಲ್ಲರಿಗೂ ಇದೆ, ಭಯವೂ ಇದೆ. ನಮ್ಮವರ ವಿಷಯ ಬಂದಾಗ ಮಾತ್ರ "ಕೀಳರಿಮೆ" ಎಂದು ಬುದ್ಧಿವಂತರು ತೀರ್ಪು ಕೊಟ್ಟುಬಿಡುತ್ತಾರೆ. ಅದೇನು ತಾಯಿ ಹೊಟ್ಟೆಯಿಂದ ಬಂದದ್ದೇ?

ಕಾರ್ಲಾ ಹಾಫ್, ಪ್ರಿಯಾಂಕಾ ಪಾಂಡೆ ಎಂಬ ಸಂಶೋಧಕರು 2004ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಪ್ರತಿ ಹಾಸ್ಟೆಲಿನಲ್ಲೂ ಓದಿ ಹೇಳಬೇಕು. ಉತ್ತರ ಪ್ರದೇಶದ ಹಳ್ಳಿಯಲ್ಲಿ 6 ಮತ್ತು 7ನೇ ತರಗತಿ ಹುಡುಗರಿಗೆ ಕಾಗದದ ಮೇಲೆ ದಾರಿ ಹುಡುಕುವ ಒಗಟು ಕೊಟ್ಟರು. ಬಿಡಿಸಿದ್ದಕ್ಕೆ ದುಡ್ಡು. ಜಾತಿಯ ಮಾತೇ ಬಾರದಾಗ ದಲಿತ ಹುಡುಗರು ಮೇಲ್ಜಾತಿಯವರಿಗೆ ಸರಿಸಮ. ಬೇರೆ ಗುಂಪುಗಳಲ್ಲಿ ಹುಡುಗನ ಹೆಸರು, ಊರು, ಜಾತಿ ಎಲ್ಲರೆದುರು ಓದಿದರು. ಅಷ್ಟೇ. ಒಗಟು ಅದೇ, ದುಡ್ಡು ಅದೇ. ದಲಿತ ಹುಡುಗರು ಬಿಡಿಸಿದ ಲೆಕ್ಕ ಕುಸಿದುಬಿತ್ತು.

ಇನ್ನು ನಮ್ಮ ಕ್ಲಾಸು ನೋಡಿ. "ಎಸ್ಸಿ ಎಸ್ಟಿಯವರು ಎದ್ದು ನಿಲ್ಲಿ" ಎಂದು ಕೂಗುವವರಿಗೆ ಅದು ಸ್ಕಾಲರ್‌ಶಿಪ್ ಅರ್ಜಿಯ ಐದು ನಿಮಿಷದ ಕೆಲಸ. ನಿಂತ ಹುಡುಗಿಗೆ ಇಡೀ ವರ್ಷದ್ದು. ವೈವಾದಲ್ಲಿ ಮೊದಲ ಪ್ರಶ್ನೆ ಯಾವೂರು. ಎರಡನೆಯದು, ಊರಲ್ಲಿ ಎಲ್ಲಿ. ಸ್ಕಾಲರ್‌ಶಿಪ್ ಬಾರದ ತಿಂಗಳು ಅವ್ವ ಫೋನ್ ಮಾಡಿ "ಕಾಸು ಕಳಿಸ್ಲಾ ಮಗಾ" ಅಂದರೆ, ಅವಳ ಕೂಲಿ ಎಷ್ಟೆಂದು ಗೊತ್ತಿರುವ ಮಗ "ಐತೆ ಬಿಡವ್ವ" ಅಂತ ಸುಳ್ಳು ಹೇಳ್ತಾನೆ. ರಾತ್ರಿ ನಿದ್ದೆ ಎಲ್ಲಿಂದ ಬರಬೇಕು? 2016ರ ಜನವರಿ 17ರಂದು ಹೈದರಾಬಾದ್ ವಿಶ್ವವಿದ್ಯಾಲಯದ ರೋಹಿತ್ ವೇಮುಲ ನಮ್ಮನ್ನು ಬಿಟ್ಟು ಹೋದಾಗ ಅವನಿಗೆ ತಿಂಗಳುಗಟ್ಟಲೆ ಫೆಲೋಶಿಪ್ ಬಂದಿರಲಿಲ್ಲ, ಹಾಸ್ಟೆಲಿನಿಂದಲೂ ಹೊರಹಾಕಿದ್ದರು.

ಡಾಕ್ಟರ ಹತ್ತಿರ ಹೋಗೋದು ನಾಚಿಕೆಯಲ್ಲ. ಮೆಗ್ಗಾನ್ ಆಸ್ಪತ್ರೆಗೆ ಹೋಗಿ. ಸರ್ಕಾರದ ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಪುಕ್ಕಟೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. ಆದರೆ ಮಾತ್ರೆ ನುಂಗಿ ಬಂದವನನ್ನು ಮರುದಿನ ಅದೇ ಕ್ಲಾಸಿನಲ್ಲಿ ಎದ್ದು ನಿಲ್ಲಿಸಿದರೆ? ಅಲ್ಲಿ ಸಂಘಟನೆ ಬೇಕು. 1970ರ ದಶಕದಲ್ಲಿ ಭದ್ರಾವತಿಯಲ್ಲಿ ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪ ಮತ್ತು ಗೆಳೆಯರು ಸಂಘರ್ಷ ಸಮಿತಿ ಕಟ್ಟಿದ್ದು, ಒಬ್ಬೊಬ್ಬರೇ ನುಂಗುತ್ತಿದ್ದ ಅವಮಾನವನ್ನು ಬೀದಿಗೆ ತರುವುದಕ್ಕೆ.

ಜಾತಿ ಪಟ್ಟಿಯನ್ನು ಕ್ಲಾಸಿನಲ್ಲಿ ಓದಕೂಡದು, ಅರ್ಜಿ ಆಫೀಸಿನಲ್ಲೇ ತಗೊಳ್ಳಲಿ ಎಂದು ಪ್ರತಿ ಕಾಲೇಜಿನ ಪ್ರಿನ್ಸಿಪಾಲರಿಗೂ ಬರೆದು ಕೊಡೋಣ, ಸಹಿ ಹಾಕಿ. ಅದಕ್ಕೂ ಮುಂಚೆ, ಇವತ್ತು ರಾತ್ರಿ ಮೆಸ್ಸಿಗೆ ಬಾರದವನ ರೂಮಿಗೆ ಇಬ್ಬರು ತಟ್ಟೆ ಹಿಡಿದುಕೊಂಡು ಹೋಗಿ.