ಮೂರ್ಖರ ಪೆಟ್ಟಿಗೆಗೊಂದು ಮರಿಪೆಟ್ಟಿಗೆ

ಸೀರೆ ಅಂಗಡಿಯಲ್ಲಿ ಹತ್ತು ಸೀರೆ ಬಿಚ್ಚಿಸಿ, ಅಂಚು ಸವರಿ, ಬಣ್ಣ ಹೋಗುತ್ತದೆಯೇ ಎಂದು ಮೂರು ಸಲ ಕೇಳಿ, ಕೊನೆಗೆ ಐವತ್ತು ರೂಪಾಯಿಯಾದರೂ ಬಿಡಿಸಿಕೊಂಡು ಬರುವವರು ನಾವು. ಕೊತ್ತಂಬರಿ ಕಟ್ಟಿನ ಒಳಗೆ ಹಳದಿ ಎಲೆ ಎಷ್ಟಿದೆ ಎಂದು ನೋಡದೆ ಚೀಲಕ್ಕೆ ಹಾಕಿಕೊಂಡವರಲ್ಲ. ಇಂಥ ನಾವು, ಮನೆಗೊಂದು ಎಲೆಕ್ಟ್ರಾನಿಕ್ ಸಾಮಾನು ಬರುತ್ತದೆ ಎಂದ ಕೂಡಲೇ ಬಾಯಿಗೆ ಬೀಗ ಹಾಕಿಕೊಂಡು ಕೂತುಬಿಡುತ್ತೇವೆ. “ಅದೆಲ್ಲ ಇವರಿಗೂ ಮಗನಿಗೂ ಗೊತ್ತು, ನಮಗೇನು ತಿಳಿಯುತ್ತೆ” ಎಂಬ ಮಾತು ಬೇರೆ. ದುಡ್ಡು ಮಾತ್ರ ಇಬ್ಬರದೂ ಹೋಗುತ್ತದೆ.

ಈಗ ಅಂಥ ಸಾಮಾನುಗಳ ಸಾಲಿನಲ್ಲಿ ನಿಂತಿರುವುದು ಟಿ.ವಿ.ಗೆ ಇಂಟರ್‌ನೆಟ್ ತರುವ ಪುಟ್ಟ ಬಾಕ್ಸು. ನಮ್ಮ ಸ್ಟಾಫ್ ರೂಮಿನಲ್ಲಿ ವಾರಕ್ಕೊಮ್ಮೆಯಾದರೂ ಇದರ ಪ್ರಸ್ತಾಪ ಬರುತ್ತದೆ. “ಮೇಡಂ, ನಮ್ಮ ಹುಡುಗ ಆ ಬಾಕ್ಸ್ ಬೇಕು ಅಂತಾನೆ, ನಾಲ್ಕು ಸಾವಿರವಂತೆ, ತಗೋಬಹುದಾ?” ನನ್ನ ಉತ್ತರವನ್ನು ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ತಿಪಟೂರಿನಂಥ ಊರಿನಲ್ಲಿ, ತಿಂಗಳ ಸಂಬಳದಲ್ಲಿ ಬದುಕುವ ನಮ್ಮಂಥ ಬಹುಪಾಲು ಮನೆಗಳಿಗೆ ಅದು ಕೊಟ್ಟ ಹಣಕ್ಕೆ ಬಾಳುವ ವಸ್ತುವಲ್ಲ. ಬಾಕ್ಸು ಕೆಟ್ಟದ್ದು ಎಂದಲ್ಲ. ಅದರ ಮೇಲೆ ಬರೆದಿರುವ ಬೆಲೆ ಅದರ ನಿಜವಾದ ಬೆಲೆಯಲ್ಲ, ಅಷ್ಟೆ.

ವಸ್ತು ಏನೆಂದು ಮೊದಲು ನೋಡೋಣ. ಅಂಗೈಯಲ್ಲಿ ಹಿಡಿಸುವ ಒಂದು ಡಬ್ಬಿ ಅಥವಾ ಬೆರಳಿನಷ್ಟು ಉದ್ದದ ಒಂದು ಕಡ್ಡಿ. ಟಿ.ವಿ.ಯ ಬೆನ್ನಿಗಿರುವ ಎಚ್‌ಡಿಎಂಐ ಎಂಬ ಚಪ್ಪಟೆ ತೂತಿಗೆ ಅದನ್ನು ಸಿಕ್ಕಿಸಬೇಕು. ಮನೆಯ ವೈಫೈನಿಂದ ಇಂಟರ್‌ನೆಟ್ ಎಳೆದುಕೊಂಡು ಅದು ಸಿನಿಮಾ, ಧಾರಾವಾಹಿ, ಯೂಟ್ಯೂಬುಗಳನ್ನು ಪರದೆಗೆ ತರುತ್ತದೆ. ಗೂಗಲ್‌ನವರ ಕ್ರೋಮ್‌ಕಾಸ್ಟ್ 2014ರ ಡಿಸೆಂಬರಿನಲ್ಲಿ 2,999 ರೂಪಾಯಿಗೆ ಭಾರತಕ್ಕೆ ಬಂತು. ಅಮೆಜಾನ್‌ನವರ ಫೈರ್ ಟಿ.ವಿ. ಕಡ್ಡಿ 2017ರಲ್ಲಿ 3,999ಕ್ಕೆ ಬಂತು. ಶಿಯೋಮಿಯವರ ಡಬ್ಬಿ 2020ರಲ್ಲಿ 3,499ಕ್ಕೆ ಬಂತು. ಹಳೆಯ ಪಿಕ್ಚರ್ ಟ್ಯೂಬಿನ ಟಿ.ವಿ.ಗೆ ಆ ತೂತೇ ಇರುವುದಿಲ್ಲ, ಅದಕ್ಕೆ ನೇರವಾಗಿ ಸಿಕ್ಕಿಸಲಾಗದು. ಈಚಿನ ಸ್ಮಾರ್ಟ್ ಟಿ.ವಿ.ಗೆ ಬಾಕ್ಸೇ ಬೇಕಾಗಿಲ್ಲ, ಆ ಕೆಲಸ ಅದರ ಹೊಟ್ಟೆಯೊಳಗೇ ಇದೆ. ಆದರೂ ಸ್ಮಾರ್ಟ್ ಟಿ.ವಿ. ಇರುವ ಮನೆಗೆ ಬಾಕ್ಸು ತಂದವರನ್ನು ನಾನು ಕಂಡಿದ್ದೇನೆ. ನಿಮ್ಮ ಟಿ.ವಿ.ಯ ರಿಮೋಟಿನಲ್ಲಿ ಯೂಟ್ಯೂಬ್ ಎಂದೋ ನೆಟ್‌ಫ್ಲಿಕ್ಸ್ ಎಂದೋ ಬರೆದ ಗುಂಡಿ ಇದೆಯೇ ಎಂದು ಒಮ್ಮೆ ನೋಡಿ. ಇದ್ದರೆ ನಾಲ್ಕು ಸಾವಿರ ಅಲ್ಲಿಗೇ ಉಳಿಯಿತು.

ಇನ್ನು ಲೆಕ್ಕಕ್ಕೆ ಬರೋಣ. ಆನೆ ಕೊಂಡವನಿಗೆ ಅಂಕುಶ ಭಾರವೇ ಎಂಬ ಗಾದೆಯಿದೆ. ಇಲ್ಲಿ ಅದು ತಲೆಕೆಳಗು. ನಾವು ಕೊಳ್ಳುವುದು ಅಂಕುಶ, ಆನೆ ಹಿಂದಿನಿಂದ ಬರುತ್ತದೆ, ಬಂದು ತಿಂಗಳು ತಿಂಗಳೂ ಮೇಯುತ್ತದೆ.

ಮೊದಲ ಮೇವು ಇಂಟರ್‌ನೆಟ್ಟು. “ಮೊಬೈಲಿನಲ್ಲಿ ಇದೆಯಲ್ಲ” ಎನ್ನುತ್ತೀರಿ. ದಿನಕ್ಕೆ ಎರಡು ಜಿ.ಬಿ. ಕೊಡುವ ಪ್ಯಾಕು ನಿಮ್ಮದು ಎನ್ನೋಣ. ಟಿ.ವಿ.ಯ ದೊಡ್ಡ ಪರದೆಯಲ್ಲಿ ಚಿತ್ರ ಸ್ಫುಟವಾಗಿ ಕಾಣಬೇಕಾದರೆ ಗಂಟೆಗೆ ಮೂರು ಜಿ.ಬಿ.ವರೆಗೂ ಖರ್ಚಾಗುತ್ತದೆ ಎಂದು ನೆಟ್‌ಫ್ಲಿಕ್ಸ್‌ನವರೇ ಹೇಳುತ್ತಾರೆ. ಅಂದರೆ ನಾಯಕಿ ಬಸ್ಸಿನಿಂದ ಇಳಿದು ಮನೆ ಸೇರುವಷ್ಟರಲ್ಲಿ ನಿಮ್ಮ ದಿನದ ಪಾಲು ಮುಗಿದಿರುತ್ತದೆ. ಹಾಗಾಗಿ ಮನೆಗೆ ಬ್ರಾಡ್‌ಬ್ಯಾಂಡ್ ಬೇಕು. ತಿಂಗಳಿಗೆ 499ರ ಯೋಜನೆಯೆಂದರೂ ಶೇಕಡ 18 ತೆರಿಗೆ ಸೇರಿ 589 ಆಯಿತು. ವರ್ಷಕ್ಕೆ 7,068.

ಎರಡನೆಯ ಮೇವು ಚಂದಾ. ನೆಟ್‌ಫ್ಲಿಕ್ಸ್‌ನವರು 2021ರ ಡಿಸೆಂಬರಿನಲ್ಲಿ ದರ ಇಳಿಸಿದಾಗ ಎಲ್ಲಕ್ಕಿಂತ ಅಗ್ಗದ ಯೋಜನೆ 149 ರೂಪಾಯಿಯದಾಯಿತು. ಆದರೆ ಅದು ಮೊಬೈಲಿಗೆ ಮಾತ್ರ, ಟಿ.ವಿ.ಯಲ್ಲಿ ನಡೆಯದು. ಟಿ.ವಿ.ಗೆಂದರೆ ಕನಿಷ್ಠ 199, ವರ್ಷಕ್ಕೆ 2,388. ಅಮೆಜಾನ್ ಪ್ರೈಮ್ ವರ್ಷಕ್ಕೆ 999 ಇದ್ದದ್ದು ಅದೇ ಡಿಸೆಂಬರಿನಲ್ಲಿ 1,499ಕ್ಕೆ ಏರಿತು. ಎರಡೇ ಚಂದಾ ಸಾಕೆಂದು ಗಟ್ಟಿ ಮನಸ್ಸು ಮಾಡಿದರೂ ಇಂಟರ್‌ನೆಟ್ ಸೇರಿ ವರ್ಷಕ್ಕೆ 10,955 ರೂಪಾಯಿ. ನಾಲ್ಕು ಸಾವಿರದ ಬಾಕ್ಸಿನ ಜೊತೆ ಐದು ವರ್ಷ ಸಂಸಾರ ಮಾಡಿದರೆ 58,775. ಅಂಗಡಿಯವನು ಹೇಳಿದ್ದು ನಾಲ್ಕು ಸಾವಿರ! ಇಷ್ಟಾದರೂ ಕೇಬಲ್ಲು ನಿಲ್ಲುವುದಿಲ್ಲ, ಏಕೆಂದರೆ ಅತ್ತೆಯವರ ಏಳೂವರೆಯ ಧಾರಾವಾಹಿ ಅದರಲ್ಲೇ ಬರಬೇಕು.

“ಹೋಗಲಿ, ಒಂದು ಸಲ ಕೊಂಡರೆ ನಮ್ಮದಾಯಿತಲ್ಲ” ಎನ್ನುವವರಿದ್ದಾರೆ. ನಮ್ಮದಾಗುವುದು ಪ್ಲಾಸ್ಟಿಕ್ಕು. ಬೀಗದ ಕೈ ಅವರ ಹತ್ತಿರವೇ ಇರುತ್ತದೆ. ಮಗಳ ಮನೆಯ ಪಾಸ್‌ವರ್ಡಿನಲ್ಲಿ ತಾಯಿ ಮನೆಯವರೂ ನೋಡುವ ಅನುಕೂಲ ಇತ್ತು. 2023ರ ಜುಲೈನಲ್ಲಿ ನೆಟ್‌ಫ್ಲಿಕ್ಸ್ ಭಾರತದಲ್ಲಿ ಅದನ್ನು ನಿಲ್ಲಿಸಿತು. ಹಣ ಕೊಟ್ಟರೆ ಜಾಹೀರಾತಿಲ್ಲ ಎಂಬುದೇ ಪ್ರೈಮ್‌ನ ಆಕರ್ಷಣೆಯಾಗಿತ್ತು. 2025ರ ಜೂನಿನಿಂದ ಅಲ್ಲೂ ಜಾಹೀರಾತು ಬಂತು, ಬೇಡವೆಂದರೆ ವರ್ಷಕ್ಕೆ ಇನ್ನೂ 699 ಕೊಡಿ ಎಂದರು. 2023ರಲ್ಲಿ ಐ.ಪಿ.ಎಲ್. ಕ್ರಿಕೆಟ್ಟನ್ನು ಜಿಯೋಸಿನಿಮಾ ಪುಕ್ಕಟೆ ತೋರಿಸಿತು. 2025ರ ಫೆಬ್ರವರಿಯಲ್ಲಿ ಅದೂ ಹಾಟ್‌ಸ್ಟಾರೂ ಒಂದಾದವು, ಪಂದ್ಯ ಪೂರ್ತಿ ನೋಡಲು ಹಣ ಕೇಳಲಾಯಿತು. ಪುಕ್ಕಟೆ ಸಾಲಿನಲ್ಲಿ ಕೂರಿಸಿ ಊಟದ ಮಧ್ಯೆ ಎಲೆಯ ಬಾಡಿಗೆ ಕೇಳುವ ರೀತಿ ಇದು.

ಪೆಟ್ಟಿಗೆಯ ಆಯುಷ್ಯವೂ ನಮ್ಮ ಕೈಯಲ್ಲಿಲ್ಲ. ಕ್ರೋಮ್‌ಕಾಸ್ಟಿನ ತಯಾರಿಕೆಯನ್ನು ನಿಲ್ಲಿಸುವುದಾಗಿ 2024ರ ಆಗಸ್ಟಿನಲ್ಲಿ ಗೂಗಲ್ ಹೇಳಿತು. 2025ರ ಮಾರ್ಚಿನಲ್ಲಿ, ಒಳಗಿನ ಒಂದು ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿಯಿತೆಂಬ ಒಂದೇ ಕಾರಣಕ್ಕೆ ಎರಡನೆಯ ತಲೆಮಾರಿನ ಕ್ರೋಮ್‌ಕಾಸ್ಟುಗಳು ಲೋಕದಾದ್ಯಂತ ಏಕಾಏಕಿ ನಿಂತುಹೋದವು, ಸರಿಯಾಗಲು ಕೆಲವು ದಿನ ಹಿಡಿಯಿತು. ನನ್ನ ತಾಯಿಯ ಕಾಲದ ಒರಳುಕಲ್ಲು ಯಾವ ಪ್ರಮಾಣಪತ್ರವೂ ಇಲ್ಲದೆ ಇಂದಿಗೂ ರುಬ್ಬುತ್ತದೆ.

ದುಬಾರಿಯಾಯಿತೆಂದು ಹೆಸರಿಲ್ಲದ ಅಗ್ಗದ ಬಾಕ್ಸು ತರುವುದು ಇನ್ನೂ ಕೆಟ್ಟದ್ದು. “ಒಂದು ಸಲ ದುಡ್ಡು ಕೊಡಿ, ಎಲ್ಲ ಸಿನಿಮಾ ಜೀವಮಾನವಿಡೀ ಫ್ರೀ” ಎಂದು ಮಾರುತ್ತಾರಲ್ಲ, ಅದು ಕಳ್ಳಮಾಲು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕಿಂತ ದೊಡ್ಡ ಅಪಾಯವಿದೆ. 2025ರ ಜೂನಿನಲ್ಲಿ ಅಮೆರಿಕದ ಎಫ್.ಬಿ.ಐ. ಸಂಸ್ಥೆ ಇಂಥ ಅಗ್ಗದ ಬಾಕ್ಸುಗಳ ಬಗ್ಗೆ ಜನರಿಗೆ ಎಚ್ಚರಿಕೆ ಕೊಟ್ಟಿತು. ಬ್ಯಾಡ್‌ಬಾಕ್ಸ್ ಎಂಬ ಹೆಸರಿನ ಹಾನಿಕಾರಕ ತಂತ್ರಾಂಶ ಲಕ್ಷಾಂತರ ಉಪಕರಣಗಳಲ್ಲಿ ಸೇರಿಕೊಂಡಿತ್ತು, ಕೆಲವದರಲ್ಲಿ ಮಾರಾಟಕ್ಕೆ ಮೊದಲೇ ಸೇರಿತ್ತು. ಮನೆಯ ಇಂಟರ್‌ನೆಟ್ಟನ್ನು ವಂಚಕರು ತಮ್ಮ ಕೆಲಸಕ್ಕೆ ಬಳಸಿಕೊಳ್ಳಲು ಅದು ಬಾಗಿಲು ತೆರೆದುಕೊಡುತ್ತದೆ. ಅದೇ ವೈಫೈನಲ್ಲಿ ನಿಮ್ಮ ಯಜಮಾನರು ಬ್ಯಾಂಕಿನ ವ್ಯವಹಾರ ಮಾಡುತ್ತಿರುತ್ತಾರೆ.

ಇಷ್ಟೆಲ್ಲ ಕೊಟ್ಟು ನೋಡಲು ಕನ್ನಡದಲ್ಲಿ ಏನಿದೆ? ನಾನು ಕನ್ನಡದ ಮೇಷ್ಟ್ರು, ಈ ಪ್ರಶ್ನೆ ಬಿಡಲಾರೆ. 2020ರ ಜುಲೈನಲ್ಲಿ, ಚಿತ್ರಮಂದಿರಗಳು ಮುಚ್ಚಿದ್ದಾಗ, ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆಯ ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ನೇರವಾಗಿ ಪ್ರೈಮ್‌ನಲ್ಲಿ ಬಂದವು. ಒಳ್ಳೆಯ ದಿನ ಬಂತೆಂದುಕೊಂಡೆವು. ನಾಲ್ಕು ವರ್ಷ ಕಳೆದು 2024ರ ಜುಲೈನಲ್ಲಿ ರಕ್ಷಿತ್ ಶೆಟ್ಟಿಯವರು ‘ಏಕಂ’ ಎಂಬ ಕನ್ನಡ ಸರಣಿಯನ್ನು ಯಾವ ದೊಡ್ಡ ಕಂಪೆನಿಯೂ ಕೊಳ್ಳಲು ಮುಂದೆ ಬರಲಿಲ್ಲವೆಂದು ತಮ್ಮದೇ ತಾಣ ಮಾಡಿ ಬಿಡುಗಡೆ ಮಾಡಬೇಕಾಯಿತು. ಜೀ5ನವರ ಮೊದಲ ಕನ್ನಡ ಮೂಲ ಸರಣಿ ‘ಅಯ್ಯನ ಮನೆ’ ಬಂದದ್ದು 2025ರ ಏಪ್ರಿಲ್‌ನಲ್ಲಿ. ನೆರೆಯ ಕೇರಳ ಸರ್ಕಾರ 2024ರ ಮಾರ್ಚಿನಲ್ಲೇ ‘ಸಿ ಸ್ಪೇಸ್’ ಎಂಬ ತನ್ನದೇ ವೇದಿಕೆ ತೆರೆಯಿತು, ಅಲ್ಲಿ ನೋಡಿದ ಚಿತ್ರಕ್ಕಷ್ಟೇ ಹಣ. ನಮ್ಮ ಸರ್ಕಾರ ಅಂಥದೊಂದರ ಮಾತನ್ನು 2025ರ ಮಾರ್ಚಿನ ಬಜೆಟ್ಟಿನಲ್ಲಿ ಆಡಿತು. ನಮ್ಮ ಚಂದಾ ಹಣ ಎಲ್ಲರಂತೆಯೇ ಪೂರ್ತಿ ಹೋಗುತ್ತದೆ, ಬಡಿಸುವಾಗ ಮಾತ್ರ ನಮ್ಮ ಎಲೆ ಪಂಕ್ತಿಯ ಕೊನೆಯದು. ಮಾತು ಅರ್ಥವಾಗದ ಅತ್ತೆ, ಅಕ್ಷರ ಓಡಿಸಿ ಓದಲಾಗದ ಅಮ್ಮ ಡಬ್ಬಿಂಗ್ ಸಿಕ್ಕರೆ ನೋಡುತ್ತಾರೆ, ಇಲ್ಲದಿದ್ದರೆ ಎದ್ದು ಹೋಗುತ್ತಾರೆ.

ಎದ್ದು ಹೋಗುವ ಮಾತು ಬಂತಲ್ಲ, ನನ್ನ ತಕರಾರಿನ ಮೂಲ ಇರುವುದು ಅಲ್ಲೇ. ಈ ಚಂದಾಗಳನ್ನು ತೆರೆದ ಕೂಡಲೇ ಪರದೆಯ ಮೇಲೆ ನಾಲ್ಕೈದು ಪುಟ್ಟ ಮುಖಗಳು ಬರುತ್ತವೆ. ನೋಡುತ್ತಿರುವವರು ಯಾರು ಎಂಬ ಪ್ರಶ್ನೆ, ಪ್ರತಿ ಮುಖದ ಕೆಳಗೊಂದು ಹೆಸರು. ನನ್ನ ದೊಡ್ಡಮ್ಮನ ಮಗಳು, ನಿವೃತ್ತ ಶಿಕ್ಷಕಿ, ಹಾಸನದಲ್ಲಿ ಮಗನ ಜೊತೆ ಇದ್ದಾಳೆ. ಅವಳ ಮನೆಯ ಪರದೆಯ ಮೇಲೆ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳ ಹೆಸರು ಕಂಡೆ. ಚಂದಾ ಹೋಗುವುದು ಅವಳ ಪೆನ್ಷನ್ ಖಾತೆಯಿಂದ. “ಅಕ್ಕಾ, ನಿನ್ನ ಹೆಸರೆಲ್ಲೇ?” ಎಂದೆ. “ನಂಗ್ಯಾಕೇ ಬೇರೆ? ಅವರು ಹಾಕಿದಾಗ ನಾನೂ ಬಂದು ಕೂತ್ಕೋತೀನಿ ಬಿಡು” ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಮೂವತ್ತು ವರ್ಷ ಹಾಜರಿ ಕರೆದವಳ ಹೆಸರು ಅವಳದೇ ದುಡ್ಡಿನ ಹಾಜರಿಪುಸ್ತಕದಲ್ಲಿಲ್ಲ!

ನಮ್ಮ ಮನೆಗಳಲ್ಲಿ ಹೆಂಗಸಿಗೆ ಬಿಡುವು ಎಂಬುದು ಉಳಿದ ಸಾರಿನಂತೆ, ಎಲ್ಲರೂ ಉಂಡು ಎದ್ದ ಮೇಲೆ ಪಾತ್ರೆಯಲ್ಲಿ ಏನಾದರೂ ಇದ್ದರೆ ಅವಳಿಗೆ. ಧಾರಾವಾಹಿಯನ್ನು ಎಷ್ಟೇ ಬೈಯಿರಿ, ಅದಕ್ಕೊಂದು ಹೊತ್ತಿತ್ತು. “ಏಳೂವರೆಗೆ ನನ್ನದು, ಯಾರೂ ಚಾನೆಲ್ ಬದಲಿಸಬೇಡಿ” ಎಂದು ಹೇಳುವ ಹಕ್ಕು ಆ ಅರ್ಧ ಗಂಟೆಯ ಮಟ್ಟಿಗೆ ಅವಳಿಗಿತ್ತು. ಬಾಕ್ಸು ಬಂದ ಮೇಲೆ “ನಿಂದು ಯಾವಾಗ ಬೇಕಾದರೂ ನೋಡಬಹುದಲ್ಲಮ್ಮಾ” ಎನ್ನುತ್ತಾರೆ. ಯಾವಾಗ ಬೇಕಾದರೂ ಎಂದರೆ ನಮ್ಮ ಸಂಸಾರದ ಭಾಷೆಯಲ್ಲಿ ಯಾವಾಗಲೂ ಇಲ್ಲ ಎಂದೇ ಅರ್ಥ.

ಬಾಕ್ಸಿನ ಪರವಾಗಿ ನ್ಯಾಯವಾಗಿ ಹೇಳಬೇಕಾದದ್ದೂ ಇದೆ. ಕುಕ್ಕರ್ ಕೂಗಿದಾಗ ಕಥೆಯನ್ನು ನಿಲ್ಲಿಸಿ, ಬೇಳೆ ಕಡೆದು ಬಂದು ಬಿಟ್ಟಲ್ಲಿಂದ ನೋಡಬಹುದು. ಕಿವಿ ಮಂದವಾದವರಿಗೆ ಪರದೆಯ ಕೆಳಗೆ ಓಡುವ ಅಕ್ಷರ ವರವೇ ಸರಿ. ಒಂಟಿಯಾಗಿರುವ ಹೆಂಗಸಿಗೆ, ರಿಮೋಟು ಅವಳ ಕೈಯಲ್ಲೇ ಇದ್ದರೆ, ಇದು ಒಳ್ಳೆಯ ಜೊತೆ. ಮಕ್ಕಳ ಓದಿಗೆಂದು ಬ್ರಾಡ್‌ಬ್ಯಾಂಡ್ ಮೊದಲೇ ಇರುವ ಮನೆಯಲ್ಲಿ ನನ್ನ ಲೆಕ್ಕದ ದೊಡ್ಡ ಪಾಲು ಬಿದ್ದುಹೋಗುತ್ತದೆ. ಅಂಥವರು ಧಾರಾಳವಾಗಿ ಕೊಳ್ಳಲಿ. ಆದರೆ ಬರೀ ಪಕ್ಕದ ಮನೆಗೆ ಬಂತೆಂದು ತರುವವರಿಗೆ ಇದು ಹೊರೆ. ಬೇರೆ ದಾರಿ ಇಲ್ಲವೆಂದಲ್ಲ. 2004ರಲ್ಲಿ ದೂರದರ್ಶನ ಆರಂಭಿಸಿದ, ಈಗ ಡಿ.ಡಿ. ಫ್ರೀ ಡಿಶ್ ಎನಿಸಿರುವ ಸೇವೆಗೆ ತಟ್ಟೆ ಮತ್ತು ಪೆಟ್ಟಿಗೆಯದು ಒಂದೇ ಸಲದ ಖರ್ಚು, ತಿಂಗಳ ಬಾಡಿಗೆ ಇಲ್ಲ. ಚಂದನ ವಾಹಿನಿ ಅದರಲ್ಲಿ ಬರುತ್ತದೆ. ಅದೇ ಚಂದನದಲ್ಲಿ 2002ರಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ಯಲ್ಲಿ ಗೆದ್ದವರಿಗೆ ನಾ. ಸೋಮೇಶ್ವರ ಅವರು ಕೊಟ್ಟದ್ದು ಕನ್ನಡ ಪುಸ್ತಕಗಳನ್ನು. ಮನೋರಂಜನೆಗೆ ಇಷ್ಟು ಮರ್ಯಾದೆಯೂ ಇರಬಹುದು.

ಕೊಳ್ಳುವ ಮುಂಚೆ ಮೂರು ಪ್ರಶ್ನೆ ಕೇಳಿ, ಗಟ್ಟಿಯಾಗಿಯೇ ಕೇಳಿ. ನಮ್ಮ ಟಿ.ವಿ.ಗೆ ಇದು ಬೇಕೇ? ಬಾಕ್ಸಿನ ಬೆಲೆ ಬಿಟ್ಟು ವರ್ಷಕ್ಕೆ ಎಷ್ಟು? ವಾರದಲ್ಲಿ ಯಾವ ಹೊತ್ತು ರಿಮೋಟು ನನ್ನದು? ಮೂರನೆಯದಕ್ಕೆ ಉತ್ತರ ಸಿಗದಿದ್ದರೆ ಮೊದಲೆರಡಕ್ಕೆ ಸಿಕ್ಕಿಯೂ ಪ್ರಯೋಜನವಿಲ್ಲ. ಈಗಾಗಲೇ ಕೊಂಡಾಗಿದ್ದರೆ ಬ್ಯಾಂಕಿನಿಂದ ಬರುವ ಸಂದೇಶಗಳನ್ನು ತೆರೆದು ಓದಿ. ಖಾತೆಯಿಂದ ತಾನಾಗಿ ಹಣ ಕಡಿಯುವ 24 ಗಂಟೆ ಮೊದಲು ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರಿನಿಂದ ಇದೆ. ಆ ಸಂದೇಶ ಇಂಗ್ಲಿಷಿನಲ್ಲಿದೆ ಎಂದು ಒರೆಸಿಹಾಕಬೇಡಿ, ಮಕ್ಕಳಿಂದ ಓದಿಸಿ, ಬೇಡದ್ದನ್ನು ಅವರಿಂದಲೇ ನಿಲ್ಲಿಸಿ. ಉಳಿಸಿಕೊಂಡ ಒಂದಿದ್ದರೆ, ಅದರ ಪರದೆಯ ಮೇಲೆ ನಿಮ್ಮ ಹೆಸರಿನದೊಂದು ಮುಖ ಇವತ್ತೇ ಮಾಡಿಸಿ. ಹೆಸರು ‘ಅಮ್ಮ’ ಎಂದು ಬೇಡ, ಶಾಲೆಯ ದಾಖಲೆಯಲ್ಲಿರುವ ನಿಮ್ಮ ಹೆಸರನ್ನೇ ಬರೆಸಿ.