ಬೀಸುಕಲ್ಲಿನ ಮ್ಯಾಲೆ ಹೂವಿನ ಕುಂಡ

ಮನಿ ಅಲಂಕಾರದ ದೊಡ್ಡ ದೊಡ್ಡ ಚಿತ್ರದ ಪುಸ್ತಕ ನೋಡೋದಂದ್ರ ನಂಗ ಭಾಳ ಇಷ್ಟ. ಮೊದಲ ಅದನ್ನ ಹೇಳಿಬಿಡತೇನಿ, ಯಾಕಂದ್ರ ಮುಂದ ಬೈಯೋದದ. ಆ ಪುಸ್ತಕದ ಮನಿಯೊಳಗ ಬಿಸಲು ಛಂದ ಬಿದ್ದಿರತದ, ಮಣ್ಣಿನ ಗ್ವಾಡಿ ಹಳದಿ, ನೀಲಿ, ಗುಲಾಬಿ ಬಣ್ಣದಾಗ ಹೊಳೀತಿರತಾವ, ಅಂಗಳದ ನಟ್ಟನಡುವ ಒಂದು ಕಾರಂಜಿ. ಆದ್ರ ಪುಸ್ತಕ ಪೂರಾ ತಿರುವಿ ಹಾಕಿದ್ರೂ ಒಂದು ಕಸಬರಗಿ ಕಾಣೂದಿಲ್ಲ. ಒಣಾ ಹಾಕಿದ ಅರಬಿ ಇಲ್ಲ. ಒಲಿ ಮ್ಯಾಲೆ ಹಾಲು ಉಕ್ಕಿದ ಕಲಿ ಇಲ್ಲ. ಆ ಮನಿಯೊಳಗಿನ ಮಂದಿ ಏನು ತಿಂತಾರೋ, ಯಾರು ಮಾಡಿ ಹಾಕತಾರೋ, ಆ ದೇವರಿಗೇ ಗೊತ್ತು.

ನಂಗ ಇಂಥಾ ಪುಸ್ತಕದ ರುಚಿ ಹತ್ತಿದ್ದು ಮಗಳ ಬಾಣಂತನಕ್ಕಂತ ಟೆಕ್ಸಾಸಿನ ಸ್ಯಾನ್ ಆಂಟೋನಿಯೋಕ್ಕ ಹೋಗಿ ಆರು ತಿಂಗಳು ಇದ್ದಾಗ. ಆ ಊರಿನ ದೊಡ್ಡ ಗ್ರಂಥಾಲಯನ ಒಂದು ನೋಡೋ ವಸ್ತು. ಮೆಕ್ಸಿಕೋದ ರಿಕಾರ್ಡೊ ಲೆಗೊರೆಟಾ ಅನ್ನೋ ವಾಸ್ತುಶಿಲ್ಪಿ ವಿನ್ಯಾಸ ಮಾಡಿದ್ದು, 1995ರಾಗ ತೆರೆದದ್ದು, ಹೊರಗಿಂದ ಕೆಂಪಂದ್ರ ಕೆಂಪು. ಅಲ್ಲಿಯವರು ಅದಕ್ಕ ‘ಎಂಚಿಲಾಡಾ ಕೆಂಪು’ ಅಂತಾರ, ನಮ್ಮ ಕಣ್ಣಿಗೆ ಅದು ರಂಜಕದ ಬಣ್ಣ. ಅಳಿಯಂದ್ರು ವಾರಕ್ಕೊಮ್ಮೆ ಅಲ್ಲಿಂದ ನಾಲ್ಕು ಪುಸ್ತಕ ತಂದು ಕೊಡತಿದ್ರು. ನಂದು ಪಿಯುಸಿ ತನಕದ ಓದು. ಇಂಗ್ಲಿಷ್ ನಿಧಾನಕ್ಕ ಓದತೇನಿ, ತಿಳೀದಿದ್ದಕ್ಕ ಫೋನಿನ್ಯಾಗ ಅರ್ಥ ನೋಡತೇನಿ. ಕೂಸು ಮಲಗಿದ್ದಷ್ಟು ಹೊತ್ತು ಓದೋದು, ಅದು ಎದ್ದ ಕೂಡಲೆ ಪುಸ್ತಕ ಮುಚ್ಚೋದು.

ಅಲ್ಲೆ ಅಂಗಡಿಯೊಳಗೂ, ಮಂದಿ ಮನಿಯೊಳಗೂ ಕೌಬಾಯ್ ಸಾಮಾನು, ಮೆಕ್ಸಿಕೋ ಸಾಮಾನು ಒಂದ ಕಡೆ ಜೋಡಿಸಿ ಇಟ್ಟಿರತಾರ. ಒಂದು ಕಡೆ ಕುದರಿ ಜೀನು, ಅದರ ಬಾಜೂಕ ಬಣ್ಣಬಣ್ಣದ ಪುಎಬ್ಲಾ ಹಂಚು. ಇದೇನು ಕಲಸಮೇಲೋಗರ ಅಂತ ಮೊದಲ ಅನಿಸಿತು. ಆದ್ರ ಓದಕೋತ ಹೋದಂಗ ತಿಳೀತು, ಇದು ಒಂದ ಮನೆತನದ ಸಾಮಾನು. 1836ರ ತನಕ ಟೆಕ್ಸಾಸ್ ಅನ್ನೋದು ಮೆಕ್ಸಿಕೋದ್ದ ಭಾಗ ಇತ್ತು. ‘ವಾಕಾ’ ಅಂದ್ರ ಸ್ಪ್ಯಾನಿಶ್‌ನ್ಯಾಗ ಆಕಳ, ‘ವಾಕೆರೋ’ ಅಂದ್ರ ದನಾ ಕಾಯಾಂವ. ಅದ ಶಬ್ದ ಅಮೆರಿಕದವರ ಬಾಯಾಗ ‘ಬಕರೂ’ ಆತು. ರ‍್ಯಾಂಚ್, ರೋಡಿಯೋ, ಕೊರಾಲ್, ಲ್ಯಾರಿಯಟ್ ಅನ್ನೋ ಹಗ್ಗ, ಕಾಲಿಗೆ ಕಟ್ಟೋ ಚರ್ಮದ ಚ್ಯಾಪ್ಸ್, ಎಲ್ಲಾ ಆ ಕಡೆಯಿಂದ ಬಂದಾವ. ಸಿನೆಮಾದಾಗ ಬಿಳಿ ಮಂದಿನ ಕುದರಿ ಹತ್ತಿ ಓಡತಾರ, ವಿದ್ಯೆ ಕಲಿಸಿದಾಂವ ಹಿಂದ ಎಲ್ಲೋ ನಿಂತಿರತಾನ.

ಈಗ ಮನಿ ಪುಸ್ತಕಕ್ಕ ಬರೋಣು. ಟಿಮ್ ಸ್ಟ್ರೀಟ್-ಪೋರ್ಟರ್ ಅವರ ‘ಕಾಸಾ ಮೆಕ್ಸಿಕಾನಾ’ ಅಂತ ಒಂದದ, 1989ರದ್ದು. ಫೋಟೋ ನೋಡಿದ್ರ ಪುಟ ತಿರುವಲಿಕ್ಕೆ ಮನಸ್ಸ ಆಗೂದಿಲ್ಲ. ಲೂಯಿಸ್ ಬರಾಗಾನ್ ಅಂತ ಮೆಕ್ಸಿಕೋದ ದೊಡ್ಡ ವಾಸ್ತುಶಿಲ್ಪಿ, 1980ರಾಗ ಪ್ರಿಟ್ಜ್ಕರ್ ಪ್ರಶಸ್ತಿ ಬಂದಾಂವ. ಆತನ ಸ್ವಂತ ಮನಿನ 2004ರಾಗ ಯುನೆಸ್ಕೋ ವಿಶ್ವಪರಂಪರೆ ಪಟ್ಟಿಗೆ ಸೇರಿಸ್ಯಾರ. ಕುದರಿಗಂತ ಆತ ಕಟ್ಟಿದ ಒಂದು ಲಾಯದ ಚಿತ್ರ ನಾ ಎಷ್ಟು ಸಲ ನೋಡೇನೋ ಲೆಕ್ಕಿಲ್ಲ. ಎತ್ತರದ ಗುಲಾಬಿ ಗ್ವಾಡಿ, ಅದರ ಮುಂದ ಸಪಾಟ ನೀರು, ನೀರಿನ್ಯಾಗ ಕುದರಿ ನೆರಳು. ಸಣ್ಣಾಂವಿದ್ದಾಗ ಹಳ್ಳಿಯೊಳಗ, ಕುದರಿ ಜೋಡಿ ಬೆಳದಾಂವ ಅಂತ. ಅದು ಕೆಲಸದಾಗ ಕಾಣತದ. ಇಂಥಾವರ ಮ್ಯಾಲೆ ನಂದೇನೂ ತಕರಾರಿಲ್ಲ.

ತಕರಾರು ಇರೋದು ಆ ಅಲಂಕಾರದವರ ಮ್ಯಾಲೆ. ‘ಹಸಿಯೆಂಡಾ’ ಅಂದ್ರ ಜಮೀನ್ದಾರನ ದೊಡ್ಡ ವಾಡೆ. ಆ ಹಳೇ ವಾಡೆ ರಿಪೇರಿ ಮಾಡಿ, ಹೆಂಗ ಸಿಂಗಾರ ಮಾಡಬೇಕು ಅಂತ ತೋರಿಸೋ ಪುಸ್ತಕ ರಾಶಿ ರಾಶಿ ಅವ. ಅದರಾಗ ಒಂದು ಮೂರು ಕಾಲಿನ, ಇಳಿಜಾರಿನ ಕರೀ ಕಲ್ಲು ಮ್ಯಾಲಿಂದ ಮ್ಯಾಲೆ ಕಾಣತದ. ಒಮ್ಮೆ ಬಾಗಲ ಬಾಜೂಕ, ಒಮ್ಮೆ ಅದರ ಮ್ಯಾಲೆ ಹೂವಿನ ಕುಂಡ, ಒಮ್ಮೆ ಮೇಣಬತ್ತಿ. ಅದರ ಹೆಸರು ‘ಮೆಟಾಟೆ’. ಮೆಕ್ಸಿಕೋದ ಹೆಣಮಕ್ಕಳು ಸಾವಿರಾರು ವರ್ಷ ಅದರ ಮುಂದ ಮಣಕಾಲೂರಿ ಕೂತು, ಗೋವಿನಜ್ವಾಳ ಅರದಾರ.

ಅರಿಯೋದಂದ್ರ ಸುಮ್ಮನಲ್ರೀ. ಹಿಂದಿನ ರಾತ್ರಿ ಜ್ವಾಳ ಸುಣ್ಣದ ನೀರಾಗ ಕುದಿಸಿ ನೆನಿಲಿಕ್ಕೆ ಬಿಡಬೇಕು, ಬೆಳಿಗ್ಗೆ ತೊಳದು ಸಿಪ್ಪಿ ಬಿಡಿಸಬೇಕು, ಆಮ್ಯಾಲೆ ಎರಡೂ ಕೈಲೆ ಗುಂಡುಕಲ್ಲು ಹಿಡದು ಮುಂದ-ಹಿಂದ, ಮುಂದ-ಹಿಂದ. ಮನಿ ತುಂಬ ಮಂದಿ ಇದ್ರ ಬೆಳಕು ಹರಿಯೋಕಿಂತ ಮೊದಲ ಸುರು ಮಾಡಿದ್ದು ತಾಸುಗಟ್ಟಲೆ ನಡೀತಿತ್ತು. ನಂತರ ಅದನ್ನ ಕೈಯಾಗ ತಟ್ಟಿ, ಹಂಚಿನ ಮ್ಯಾಲೆ ಸುಡೋದು. ಇಪ್ಪತ್ತನೇ ಶತಮಾನದಾಗ ಊರೂರಿಗೆ ಗಿರಣಿ ಬಂದ ಮ್ಯಾಲೇನ ಹೆಣಮಕ್ಕಳ ಮಣಕಾಲಿಗೆ ಒಂದಿಷ್ಟು ಆರಾಮ ಸಿಕ್ಕಿದ್ದು. ಜ್ವಾಳದ ಭಕ್ಕರಿ ಬಡದು ಬಡದು ರಟ್ಟಿ ಬಿದ್ದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಅಂದ ಮ್ಯಾಲೆ ಆ ಕಲ್ಲಿನ ಫೋಟೋ ಹಾಕಿ, ಕೆಳಗ ಒಂದು ಸಾಲೂ ಅದರ ಕೆಲಸದ ಬಗ್ಗೆ ಬರೀದ, ಬಾಗಲಿಗೆ ಛಂದ ಕಾಣತದ ಅಂದ್ರ ನಂಗ ಸಿಟ್ಟು ಬರೂದಿಲ್ಲೇನು?

ಕಲ್ಲು ಹೋಗಲಿ, ವಾಡೆಯ ಕಥಿ ಇನ್ನೂ ಕಹಿ ಅದ. ಯುಕಟಾನ್ ಕಡೆ ಹಸಿಯೆಂಡಾಗಳು ಸಾಹುಕಾರ ಆಗಿದ್ದು ಹೆನೆಕೆನ್ ಅನ್ನೋ ಕತ್ತಾಳಿಯಿಂದ. ಅದರ ನಾರಿನ ಹುರಿ ಅಮೆರಿಕದ ಗೋದಿ ಹೊಲಕ್ಕ ಹೋಗತಿತ್ತು, ಸೂಡು ಕಟ್ಟೋ ಯಂತ್ರಕ್ಕ. ಕತ್ತಾಳಿ ಕೊಯ್ಯೋ ಮಾಯಾ ಮಂದಿಗೆ ಪಗಾರದ ಬದಲಿ ಮಾಲಕರ ಅಂಗಡಿಯೊಳಗ ಉದ್ರಿ. ಆ ಸಾಲ ತೀರೂದ ಇಲ್ಲ, ಸಾಲ ತೀರದ ಊರು ಬಿಡಂಗಿಲ್ಲ. ಜಾನ್ ಕೆನೆತ್ ಟರ್ನರ್ ಅನ್ನೋ ಅಮೆರಿಕದ ಪತ್ರಕರ್ತ ತಾ ಬಂಡವಾಳ ಹಾಕಲಿಕ್ಕೆ ಬಂದ ಸಾಹುಕಾರ ಅಂತ ಸೋಗು ಹಾಕಿ ಒಳಗ ಹೋಗಿ, ಇದನ್ನೆಲ್ಲಾ ನೋಡಿ ‘ಬಾರ್ಬರಸ್ ಮೆಕ್ಸಿಕೋ’ ಅಂತ ಬರದ. ಅದ 1910ರಾಗ ಅಲ್ಲೆ ಕ್ರಾಂತಿ ಸುರು ಆತು. ಇವತ್ತು ಅಂಥಾ ವಾಡೆ ಎಷ್ಟೋ ಹೋಟೆಲ್ ಆಗ್ಯಾವ. ಹೋಟೆಲ್ ಆಗಲಿ ಬಿಡ್ರಿ, ಬಿದ್ದು ಹೋಗೋಕಿಂತ ಛಲೋ. ಆದ್ರ ಪುಸ್ತಕದಾಗ ಎರಡು ಪುಟ ಇದಕ್ಕೂ ಕೊಟ್ಟಿದ್ರ ಏನು ಖರ್ಚಾಗತಿತ್ತು?

ಕೌಬಾಯ್ ಕಾದಂಬರಿ ನಾಲ್ಕೈದು ನೋಡಿದೆ. ಬರೇ ಬಂದೂಕು, ಧೂಳು, ಮಾತಾಡದ ಗಂಡಸರು. ನಂಗ ಅದರಾಗ ಹಿಡಿಸಿದ್ದು ಒಂದ ಸಂಗತಿ, ಚಕ್‌ವ್ಯಾಗನ್. ಸಾವಿರಾರು ದನಾ ಹೊಡಕೊಂಡು ತಿಂಗಳಗಟ್ಟಲೆ ಹೋಗೋ ಮಂದಿಗೆ ಅಡಗಿ ಮಾಡಲಿಕ್ಕಂತ 1866ರಾಗ ಚಾರ್ಲ್ಸ್ ಗುಡ್‌ನೈಟ್ ಅನ್ನಾಂವ ಚಕ್ಕಡಿ ಹಿಂದ ಒಂದು ಕಪಾಟ ಕೂಡಿಸಿದ. ಹಿಟ್ಟು, ಕಾಳು, ಕಾಫಿಬೀಜ, ಔಷಧ ಎಲ್ಲಾ ಅದರಾಗ. ಕಪಾಟದ ಬಾಗಲಾ ತೆಗೆದ್ರ ಅದ ಕಟ್ಟಿ. ಈಗಿನ ಮಾಡ್ಯುಲರ್ ಕಿಚನ್ ಇದರ ಮುಂದೇನು! ಮತ್ತ ಆ ಅಡಗಿಯವಗ ಸಾದಾ ಕೌಬಾಯ್‌ಗಿಂತ ಜಾಸ್ತಿ ಪಗಾರ. ಆತನ ಒಲಿ ಹತ್ರ ಧೂಳೆಬ್ಬಿಸಿಕೊಂಡು ಕುದರಿ ತರೋ ಧೈರ್ಯ ಯಾರಿಗೂ ಇರಲಿಲ್ಲ. ಗಂಡಸು ಅಡಗಿ ಮಾಡಿದ್ರ ಮರ್ಯಾದಿ, ಪಗಾರ ಎರಡೂ ಹೆಂಗ ಬರತಾವ ನೋಡ್ರಿ.

ಅದ ಗುಡ್‌ನೈಟನ ಹೆಂಡತಿ ಮೇರಿ ಆ್ಯನ್, 1877ರಾಗ ಗಂಡನ ಜೋಡಿ ಪಾಲೊ ಡ್ಯೂರೊ ಕಣಿವಿಗೆ ಹೋದ್ಲು. ಸುತ್ತ ಎಷ್ಟೋ ಮೈಲಿ ಇನ್ನೊಬ್ಬ ಹೆಣಮಗಳಿಲ್ಲ. ಒಂದಿನ ಒಬ್ಬ ಕೌಬಾಯ್ ಚೀಲದಾಗ ಮೂರು ಕೋಳಿ ತಂದು ಕೊಟ್ಟ, ಅಡಗಿಗೆ ಆದೀತು ಅಂತ. ಅಕಿ ಕೊಯ್ಯಲಿಲ್ಲ. ಸಾಕಿದ್ಲು. ಅವು ಅಕಿ ಹಿಂದಿಂದ ಓಡ್ಯಾಡತಿದ್ವು, ಅಕಿ ಅವುಗಳ ಜೋಡಿ ಮಾತಾಡತಿದ್ಲು. ದನದ ಲೆಕ್ಕ, ಮೈಲಿಯ ಲೆಕ್ಕ ನಾ ಮರತೇನಿ. ಈ ಮೂರು ಕೋಳಿ ಮರತಿಲ್ಲ.

ಹಿಂಗಾಗಿ ನನ್ನ ಅಭಿಪ್ರಾಯ ಏನಂದ್ರ, ಚಿತ್ರದ ಪುಸ್ತಕ ಗ್ರಂಥಾಲಯದಿಂದ ತಂದು ನೋಡಿ ತಿರುಗಿ ಕೊಡಬೇಕು. ರೊಕ್ಕಾ ಕೊಟ್ಟು ತಗೊಳ್ಳೋದಿದ್ರ ಹೆಣಮಕ್ಕಳು ಬರದದ್ದನ್ನ ತಗೋಬೇಕು.

ನಂಗ ಎಲ್ಲಾಕ್ಕಿಂತ ಹತ್ರ ಆದದ್ದು ಎಲಿನೋರ್ ಪ್ರೂಯಿಟ್ ಸ್ಟೀವರ್ಟ್ ಬರದ ‘ಲೆಟರ್ಸ್ ಆಫ್ ಎ ವುಮನ್ ಹೋಮ್‌ಸ್ಟೆಡರ್’, 1914ರದ್ದು. ಡೆನ್ವರ್‌ನ್ಯಾಗ ಮಂದಿ ಮನಿಯೊಳಗ ಅರಬಿ ಒಗದು ಹೊಟ್ಟಿ ಹೊರಕೊಳ್ಳತಿದ್ದ ಹೆಣಮಗಳು, 1909ರಾಗ ಸಣ್ಣ ಮಗಳನ್ನ ಕರಕೊಂಡು ವಯೋಮಿಂಗ್‌ನ ಒಂದು ರ‍್ಯಾಂಚಿಗೆ ಮನಿಗೆಲಸಕ್ಕ ಹೋದ್ಲು. ರೈಲಿನ್ಯಾಗ ಒಂದು ದಿನ, ಕುದರಿಗಾಡಿಯೊಳಗ ಎರಡು ದಿನ. ಹೋಗಿ ಸ್ವಲ್ಪ ದಿನಕ್ಕ ಆ ರ‍್ಯಾಂಚಿನ ಯಜಮಾನನ್ನ ಲಗ್ನ ಆದ್ಲು. ಆದ್ರೂ ತನ್ನ ಹೆಸರಿಲೆ ಬ್ಯಾರೆ ಜಮೀನು ಬರಸಿಕೊಂಡ್ಲು. ಹುಲ್ಲು ಕೊಯ್ಯಲಿಕ್ಕೆ ಆಳು ಸಿಗದ ಗಂಡ ಊರೂರು ಅಲದು ಬರೋದರೊಳಗ, ತಾನ ಯಂತ್ರ ಹೂಡಿ ಕೊಯ್ದು ತೋರಿಸಿದಾಕಿ. ದಿನಾ ಏಳು ಆಕಳ ಹಿಂಡಿ, ಹುಲ್ಲು ಕೊಯ್ದು, ಅಡಗಿನ ರಾತ್ರಿ ಮಾಡಿಟ್ಟು, ಮತ್ತ ಹಳೇ ಯಜಮಾನತಿಗೆ ಪತ್ರಾ ಬರೀತಿದ್ಲು. ಆ ಪತ್ರಾನ ಈ ಪುಸ್ತಕ. ಎಷ್ಟು ಬರಣಿ ಜೆಲ್ಲಿ ಮಾಡಿಟ್ಟೆ ಅನ್ನೋದೂ ಬರದಾಳ, ನಾವು ಉಪ್ಪಿನಕಾಯಿ ಲೆಕ್ಕಾ ತಂಗಿಗೆ ಫೋನಿನ್ಯಾಗ ಹೇಳಿದಂಗ.

ನಗಿಸಕೋತ ಹೋಗತಾಳ, ಹೋಗಿ ಒಂದು ಪತ್ರದಾಗ ತನ್ನ ಮೊದಲನೇ ಗಂಡಸಮಗಾ ತೀರಿಕೊಂಡದ್ದು ಹೇಳತಾಳ. ಗಂಡಗ ಬಡಿಗತನ ಬರತಿತ್ತು, ಪೆಟ್ಟಿಗಿ ನೀನ ಮಾಡು ಅಂದ್ಲು. ಒಳಗ ಮೆತ್ತಗ ಅರಬಿ ಹಾಸಿ ಹೊಲದದ್ದು ಇಕಿ. ಕಡೀ ಕೆಲಸ ಕೂಸಿಗೆ ತಾವ ಕೈಯಾರೆ ಮಾಡಿದ್ವಿ ಅನ್ನೋದರಾಗ ಒಂದು ಸಮಾಧಾನ ಇತ್ತು ಅಂತ ಬರದಾಳ. ನಾ ಅದನ್ನ ಓದಿದಾಗ ಮೊಮ್ಮಗ ಮಗ್ಗಲದಾಗ ಮಲಗಿತ್ತು. ಪುಸ್ತಕ ಮುಚ್ಚಿಟ್ಟು, ಅದರ ಉಸರು ನೋಡಕೋತ ಕೂತೆ.

ಇನ್ನೊಂದು ಫಾಬಿಯೋಲಾ ಕಬೇಸಾ ದೆ ಬಾಕಾ ಬರದ ‘ವಿ ಫೆಡ್ ದೆಮ್ ಕ್ಯಾಕ್ಟಸ್’, 1954ರದ್ದು. ನ್ಯೂ ಮೆಕ್ಸಿಕೋದ ಹಳೇ ಸ್ಪ್ಯಾನಿಶ್ ಮನೆತನದಾಕಿ, ಸರಕಾರಿ ಕೆಲಸದಾಗಿದ್ದು ಹಳ್ಳಿ ಹೆಣಮಕ್ಕಳಿಗೆ ಮನಿವಾರ್ತೆ ಕಲಿಸತಿದ್ಲು. ರೈಲು ಅಪಘಾತದಾಗ ಒಂದು ಕಾಲು ಹೋದ್ರೂ ಕೆಲಸಾ ಬಿಡಲಿಲ್ಲ. 1918ರ ಬರಗಾಲದಾಗ ಮೇವಿಲ್ಲದ ದನಕ್ಕ ಕಳ್ಳಿ ಮುಳ್ಳು ಸುಟ್ಟು ತಿನ್ನಿಸಿದ್ರು, ಅದ ಪುಸ್ತಕದ ಹೆಸರು. ಬರಗಾಲ ಅಂದ್ರೇನು ಅಂತ ಗದಗ ಸೀಮಿಯವರಿಗೆ ತಿಳೀದ್ದಲ್ಲ. ನಮ್ಮ ಹೊಲದ ಬೇಲಿಯ ಪಾಪಾಸಕಳ್ಳಿನೂ ಮೂಲದಾಗ ಆ ಕಡೆಯಿಂದನ ಬಂದದ್ದು. ಮೆಣಸಿನಕಾಯಿ, ಚಿಕ್ಕು, ಪ್ಯಾರಲ ಸುದ್ದಾ. ಮೆಕ್ಸಿಕೋದವರ ಅಂಗಡಿಯೊಳಗ ‘ಅಲೆಗ್ರಿಯಾ’ ಅಂತ ಒಂದು ಸಿಹಿ ಕೊಂಡು ತಿಂದ್ರ ಅದು ನಮ್ಮ ಏಕಾದಶಿ ರಾಜಗಿರಿ ಉಂಡೀನ! ಹೆಸರಿನ ಅರ್ಥ ಸಂತೋಷ ಅಂತ.

ಮೂರನೇದ್ದು ಫ್ಯಾನಿ ಕಾಲ್ಡೆರೋನ್ ದೆ ಲಾ ಬಾರ್ಕಾ ಬರದ ‘ಲೈಫ್ ಇನ್ ಮೆಕ್ಸಿಕೋ’, 1843ರದ್ದು. ಸ್ಕಾಟ್ಲಂಡಿನಾಕಿ, ಗಂಡ ಸ್ಪೇನಿನ ರಾಯಭಾರಿ. ಭಾಷಾ ಹಳೇದು, ನಂಗ ತ್ರಾಸ ಆತು, ಅರ್ಧಕ್ಕ ಬಿಟ್ಟೆ. ಆದ್ರ ಹಸಿಯೆಂಡಾ ಒಳಗ ಖರೇನ ಹೆಂಗಿತ್ತು ಅನ್ನೋದಕ್ಕ ಇದನ್ನ ಓದಬೇಕು. ಸುಣ್ಣಾ ಬಳದ ಗ್ವಾಡಿ, ಕಟಿಗಿ ಬಾಕು, ಖಾಲಿ ಖೋಲಿ ಮ್ಯಾಲೆ ಖಾಲಿ ಖೋಲಿ, ಬೇಕಾದಾಗ ಅಷ್ಟ ಜೋಡಿಸೋ ಮಂಚ, ಅಂಗಳದ ಸುತ್ತ ಹಗಲೂ ರಾತ್ರಿ ಉರಿಯೋ ಸಕ್ಕರಿ ಕುದಿಸೋ ಒಲಿ. ಈಗಿನ ಚಿತ್ರದಾಗಿನ ದಿಂಬು, ದೀಪ, ಗಾಲೀಚೆ ಒಂದೂ ಇಲ್ಲ.

ಇಷ್ಟ್ಯಾಕ ಹೇಳತೇನಿ ಅಂದ್ರ, ನಮ್ಮ ಹಳ್ಳಿ ಮನಿಗೂ ಈಗ ಈ ಗಾಳಿ ಬಂದದ. ಭಾವನವರ ಮಗಾ ಅದನ್ನ ಹೋಮ್‌ಸ್ಟೇ ಮಾಡತೇನಿ ಅಂತಾನ. ಫೋನಿನ್ಯಾಗ ಅದ ಹಸಿಯೆಂಡಾ ಚಿತ್ರ ತೋರಿಸಿದ. “ಕಾಕು, ನಮ್ಮ ಮನಿನೂ ಹಿಂಗ ಅದ ಅಲ್ಲ, ಮಣ್ಣಿನ ಗ್ವಾಡಿ, ಜಂತಿ, ಅಂಗಳ” ಅಂದ. ಖರೇ, ಹಂಗ ಅದ. ಮನಿ ಬೀಳಗೊಡದ ಉಳಸತೇನಿ ಅನ್ನೋ ಹುಡುಗನ್ನ ಬೈಯೋದು ಹೆಂಗ? ಬಣ್ಣಾ ಹಚ್ಚಲಿ, ಬಚ್ಚಲ ಛಲೋ ಮಾಡಲಿ. ಆದ್ರ ನಕ್ಷೆಯೊಳಗ ಬೀಸುಕಲ್ಲು ತಲಬಾಗಲದ ಕಟ್ಟಿಗೆ ಬಂದದ, ಅದರ ಮ್ಯಾಲೆ ಹೂವಿನ ಕುಂಡ. ನಮ್ಮತ್ತಿಯವರಿಗೆ ಎಂಬತ್ತನಾಲ್ಕು. ಆ ಕಲ್ಲಿನ ಮುಂದ ನಸುಕಿನ್ಯಾಗ ಕೂತು ಹತ್ತು ಮಂದಿಗೆ ಬೀಸಿದಾಕಿ. ನಕ್ಷೆ ತಿಳೀಲಿಲ್ಲ, ಕುಂಡ ಇಡತಾರ ಅಂತ ಬಿಡಿಸಿ ಹೇಳಿದಾಗ ಒಂದ ಮಾತಂದ್ರು, “ಅದರ ಬಾಯಿಗೆ ಮಣ್ಣು ಹಾಕಬ್ಯಾಡೋ ತಮ್ಮಾ.” ಹುಡುಗ ಸುಮ್ಮನಾದ. ಕಲ್ಲು ಪಡಸಾಲಿಯೊಳಗ ಇದ್ದಲ್ಲೇ ಇರತದ ಅಂತ ಆತು.

ಇನ್ನೊಂದು ಬಾಕಿ ಅದ. ಬಂದ ಮಂದಿಗೆ ಭಕ್ಕರಿ ಬಡೀಲಿಕ್ಕೆ ಊರಾಗಿನ ಒಬ್ಬಾಕಿನ್ನ ಇಟ್ಟುಕೊಳ್ಳತೇನಿ ಅಂತಾನ. ಅಕಿ ಪಗಾರ ಎಷ್ಟು ಅಂತ ಕೇಳಿದೆ. ಬಾಗಲಾ ಕಾಯೋ ಹುಡುಗಗಿಂತ ಕಡಿಮಿ ಬರದಾನ. ಚಕ್‌ವ್ಯಾಗನ್ ಅಡಗಿಯವನ ಕಥಿ ಹೇಳಿದೆ, ನಕ್ಕ. ನಗೋದಲ್ಲ, ಲೆಕ್ಕಾ ತಿದ್ದಿಕೊಂಡು ಬಾ ಅಂದೇನಿ. ಐತವಾರ ಬರತಾನಂತ. ಅಡಗಿಮನಿ ಹೊಗಿ ಹೋಗಲಿಕ್ಕೆ ನಕ್ಷೆಯೊಳಗ ದಾರೀನ ಇಲ್ಲ, ಅದನ್ನೂ ಅವತ್ತ ಕೇಳೋದದ.