ಬಾಗಿಲ ಮೇಲಿನ ಗೆರೆಗೆ ಮಿಷನ್ ಹೊಣೆಯಲ್ಲ

ಗೃಹಪ್ರವೇಶಕ್ಕೆ ಹೋದರೆ ನಾನು ಮೊದಲು ನೋಡುವುದು ತಲೆಬಾಗಿಲು. ಈಗ ಕೆತ್ತನೆಗೆ ಹೆಚ್ಚಿನವರು ಪೇಟೆಯ ಸಿಎನ್‌ಸಿ ಅಂಗಡಿಗೇ ಹೋಗುತ್ತಾರೆ. ದೂರದಿಂದ ಲಕ್ಷ್ಮಿ ಚೆನ್ನಾಗಿಯೇ ಕಾಣುತ್ತಾಳೆ. ಹತ್ತಿರ ಹೋಗಿ ಕೈಯಾಡಿಸಿದರೆ ಕೆನ್ನೆಯ ಮೇಲೆಲ್ಲ ಉತ್ತ ಹೊಲದಂತೆ ಸಾಲು ಸಾಲು ಗೆರೆ. ಪಾಲಿಶ್ ಬಿದ್ದ ಮೇಲಂತೂ ಅವು ಇನ್ನೂ ಎದ್ದು ಕಾಣುತ್ತವೆ. "ಮಿಷನ್ ಕೆಲಸ ಅಂದರೆ ಇಷ್ಟೇ ಬಿಡಿ" ಅನ್ನುತ್ತಾರೆ ಮನೆಯವರು. ನಾನು ಇದನ್ನು ಒಪ್ಪುವುದಿಲ್ಲ.

ಕೆತ್ತುವ ಬಿಟ್‌ನ ತುದಿ ಉರುಟು. ಅದು ಒಂದೊಂದೇ ಸಾಲು ಹೊಡೆಯುತ್ತ ಪಕ್ಕಕ್ಕೆ ಸರಿಯುತ್ತದೆ. ಎರಡು ಸಾಲಿನ ನಡುವೆ ಸಣ್ಣ ದಿಂಡು ಉಳಿಯುತ್ತದೆ. 6 ಮಿ.ಮೀ. ಬಿಟ್ ಪ್ರತಿ ಸಲ 1.2 ಮಿ.ಮೀ. ಸರಿದರೆ ದಿಂಡಿನ ಎತ್ತರ ಸುಮಾರು 0.06 ಮಿ.ಮೀ. 0.6 ಮಿ.ಮೀ. ಸರಿದರೆ ಬರೀ 0.015. ಅಂದರೆ ಅಂತರ ಅರ್ಧ ಮಾಡಿದರೆ ದಿಂಡು ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ಮಿಷನ್ ಓಡುವ ಹೊತ್ತು ಎರಡರಷ್ಟಾಗುತ್ತದೆ. ಜಗಳವೆಲ್ಲ ಇರುವುದು ಈ ಹೊತ್ತಿನಲ್ಲೇ. ನಾವು ರೇಟು ಇಳಿಸಿ ಅನ್ನುತ್ತೇವೆ, ಅಂಗಡಿಯವರು ಅಂತರ ಏರಿಸುತ್ತಾರೆ.

ಗೆರೆಯೊಂದೇ ಅಲ್ಲ. ಬಿಟ್ ಮೊಂಡಾಗಿದ್ದರೆ ನಾರು ಕತ್ತರಿಸದೆ ಕಿತ್ತು ಬರುತ್ತದೆ. ಬಿಟ್ ಜೋರಾಗಿ ತಿರುಗುತ್ತ ತೀರಾ ನಿಧಾನ ಮುಂದೆ ಹೋದರೆ ಮರ ಉಜ್ಜಿ ಕಪ್ಪಾಗುತ್ತದೆ. ಹಸಿ ಮರವಾದರೆ ಮೈಯೆಲ್ಲ ಜುಂಗು ಏಳುತ್ತದೆ. ಸಾಗರ, ಸೊರಬದ ಗುಡಿಗಾರರು ಉಳಿ ಇಡುವ ಮೊದಲು ಎಳೆ ಯಾವ ಕಡೆ ಓಡಿದೆ ಎಂದು ನೋಡುತ್ತಾರೆ. ಮಿಷನ್‌ಗೆ ಆ ಕಣ್ಣಿಲ್ಲ. ನಡೆಸುವವನಿಗೆ ಇರಬೇಕು.

ಹಾಗಾದರೆ ಉಳಿದ ಗೆರೆಯ ಬೆಲೆ ತೆರುವವರು ಯಾರು? ನಮ್ಮೂರ ಆಚಾರ್ರು. ಬಾಗಿಲು ಕೂರಿಸಲು ಬಂದವರು ಎಮರಿ ಪೇಪರ್ ಹಿಡಿದು ದಿನಗಟ್ಟಲೆ ಉಜ್ಜುತ್ತಾರೆ. ಮಾತಾಡಿದ ಕೂಲಿಯಲ್ಲಿ ಆ ಕೆಲಸದ ಲೆಕ್ಕವೇ ಇರುವುದಿಲ್ಲ. ಉಜ್ಜಿ ಉಜ್ಜಿ ದೇವಿಯ ಮೂಗೂ ಸವೆಯುತ್ತದೆ, ಧೂಳು ಎದೆಗೆ ಹೋಗುತ್ತದೆ. ಮರದ ಧೂಳು ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಷ್ಟು ಹಿಂದೆಯೇ ಹೇಳಿದೆ. ಮಾಸ್ಕ್ ಹಾಕಿ ಉಜ್ಜುವವರನ್ನು ನಾನು ಕಂಡದ್ದು ಕಡಿಮೆ.

"ಸಾಲ ಮಾಡಿ ಮನೆ ಕಟ್ಟಿದ್ದೇವೆ, ಡಬಲ್ ರೇಟು ಎಲ್ಲಿಂದ ತರೋಣ" ಎಂದು ಕೇಳುವವರಿದ್ದಾರೆ. ನ್ಯಾಯವಾದ ಮಾತು. ಆದರೆ ಇಡೀ ಬಾಗಿಲಿಗೆ ಸಣ್ಣ ಅಂತರ ಬೇಕಿಲ್ಲ. ದಪ್ಪ ಬಿಟ್‌ನಲ್ಲಿ ಮೊದಲು ಒರಟಾಗಿ ಕೆತ್ತಿಸಿ. ಸಪಾಟಾದ ಜಾಗಕ್ಕೆ ಚಪ್ಪಟೆ ಬಿಟ್ ಸಾಕು. ಮುಖ, ಕೈ, ಹೂವಿನ ಎಸಳಿಗೆ ಮಾತ್ರ ಕೊನೆಯ ಸಣ್ಣ ಸುತ್ತು ಹೊಡೆಸಿ. ಅದಕ್ಕೂ ದುಡ್ಡು ಸಾಲದಿದ್ದರೆ ಡಿಸೈನ್ ಚಿಕ್ಕದು ಮಾಡಿ. ಬಾಗಿಲ ತುಂಬ ಒರಟು ಕೆತ್ತನೆಗಿಂತ ನಡುವೆ ಒಂದೇ ನಯವಾದ ಕಮಲ ಮೇಲು.

ಅಡ್ವಾನ್ಸ್ ಕೊಡುವ ಮೊದಲು ಮೂರು ಮಾತು ಕೇಳಿ: ಕೊನೆಯ ಸುತ್ತಿಗೆ ಎಷ್ಟು ಅಂತರ ಇಡುತ್ತೀರಿ? ಬಿಟ್ ಹೊಸದೇ? ಇದೇ ಮರದ ತುಂಡಿನಲ್ಲಿ ಅಂಗೈಯಗಲ ಕೆತ್ತಿ ತೋರಿಸುತ್ತೀರಾ? ಆಮೇಲೆ ಆಚಾರ್ರ ಹತ್ತಿರ ಉಜ್ಜುವ ಕೂಲಿಯನ್ನು ಬೇರೆಯಾಗಿಯೇ ಮಾತಾಡಿ. ನಯ ಎನ್ನುವುದು ಯಾರದೋ ಹೊತ್ತು, ಯಾರದೋ ಬೆವರು. ಅದನ್ನು ಪುಕ್ಕಟೆ ಕೇಳುವುದು ಬೇಡ.